ಸೋಮವಾರದ ಬೋಣಿ

ನಮ್ಮ ಹೈಸ್ಕೂಲ್ ಗೆಳತಿಯರ ವಾಟ್ಸ್ಯಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಯಾರಾದರೊಬ್ಬರು ದೊಡ್ಡಬಳ್ಳಾಪುರದ ಸಿತಾರಾ ಡಿಪಾರ್ಟ್‌ಮೆಂಟಲ್ ಸ್ಟೋರ್ಸ್ ನೆನೆದು ಕಣ್ಣೀರು ಹಾಕುತ್ತಾರೆ. ಒಬ್ಬಳಿಗೆ ಅದರ ಗಾಜಿನ ಬಾಗಿಲು ನೆನಪು, ಇನ್ನೊಬ್ಬಳಿಗೆ ಮಹಡಿಯಿಂದ ಹಗ್ಗದಲ್ಲಿ ಇಳಿಯುತ್ತಿದ್ದ ಬುಟ್ಟಿ ನೆನಪು. ಮಾತು ಹಾಗೇ ದೇವನಹಳ್ಳಿ, ನೆಲಮಂಗಲದ ಮುಚ್ಚಿಹೋದ ಅಂಗಡಿಗಳನ್ನೆಲ್ಲ ಸುತ್ತಿಕೊಂಡು ಬಂದು, ‘ಅಂಥ ಸಿತಾರಾ ಯಾಕೆ ಮುಚ್ಚಿತೋ’ ಎಂಬಲ್ಲಿ ನಿಲ್ಲುತ್ತದೆ. ಚೈತ್ರ ‘ಎಲ್ಲಾ ಆನ್‌ಲೈನಿಂದ’ ಎಂದು ಬರೆಯುತ್ತಾಳೆ. ಸಿತಾರಾ ಮುಚ್ಚಿದಾಗ ನಮ್ಮ ಬೀದಿಗೆ ಲ್ಯಾಂಡ್‌ಲೈನೇ ಸರಿಯಾಗಿ ಬಂದಿರಲಿಲ್ಲ, ಆದರೂ ನಾನು ತಿದ್ದಲು ಹೋಗುವುದಿಲ್ಲ. ಅಳುವ ಮುಖದ ಚಿತ್ರವೊಂದನ್ನು ಹಾಕಿ ಫೋನು ಕೆಳಗಿಡುತ್ತೇನೆ. ಯಾಕೆಂದರೆ ಸಿತಾರಾ ಮುಚ್ಚಿಸಿದವಳು ನಾನು.

ಇದನ್ನು ಇಪ್ಪತ್ತೇಳು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೆ ನನ್ನ ಕಾಲಿನಿಂದ ಶುರು ಮಾಡಬೇಕು.

ನಾನು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮ ಮಗ್ಗದ ಮೋಟಾರು ಸುಟ್ಟುಹೋಯಿತಂತೆ. ಅದೇ ವಾರ ತಾತ ಅಟ್ಟದಿಂದ ಜಾರಿ ತೊಡೆ ಮುರಿದುಕೊಂಡರಂತೆ. ಮೋಟಾರು ಹಳೆಯದು, ಅಟ್ಟದ ಏಣಿ ಅದಕ್ಕಿಂತ ಹಳೆಯದು. ಆದರೂ ಅಜ್ಜಿ ಪಾಪಮ್ಮ ತೊಟ್ಟಿಲ ಮುಂದೆ ನಿಂತು, “ಈ ಕೂಸಿನ ಕಾಲ್ಗುಣ ಸರಿ ಇಲ್ಲ” ಎಂದು ತೀರ್ಪು ಕೊಟ್ಟಳು. ನಮ್ಮ ಮನೆಯಲ್ಲಿ ಅಜ್ಜಿಯ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಅಂದಿನಿಂದ ಯಾವ ಹೊಸ ಬಾಗಿಲನ್ನೂ ನಾನು ಮೊದಲು ದಾಟುವಂತಿಲ್ಲ. ಯಾರದಾದರೂ ಗೃಹಪ್ರವೇಶಕ್ಕೆ ಹೋದರೆ ಅಜ್ಜಿ ನನ್ನ ಜಡೆ ಹಿಡಿದು ಹಿಂದೆ ನಿಲ್ಲಿಸಿಕೊಳ್ಳುವಳು. ಹಸು ಹೋಗಿ, ಪುರೋಹಿತರು ಹೋಗಿ, ನೆಂಟರಿಷ್ಟರೆಲ್ಲ ಹೋಗಿ, ಕಟ್ಟಕಡೆಗೆ ಅಡುಗೆಯವರ ಹಂಡೆಯ ಜೊತೆ ನನ್ನನ್ನು ಒಳಗೆ ಬಿಡುವಳು. ನನ್ನ ಮದುವೆಯಲ್ಲೂ ಅಷ್ಟೇ. ಗಂಡನ ಮನೆಯ ಹೊಸ್ತಿಲಲ್ಲಿ ಸೇರಕ್ಕಿ ಇಟ್ಟು ನಾನು ಒದೆಯಲಿ ಎಂದು ಎಲ್ಲರೂ ಕಾಯುತ್ತಿದ್ದರೆ, ಅಜ್ಜಿ ಹಿಂದಿನಿಂದ ಬಂದು ನನ್ನ ಗಂಡ ಮಂಜೇಶನನ್ನೇ ಮೊದಲು ಒಳಗೆ ದಬ್ಬಿದಳು. ಅವನು ಅಕ್ಕಿಯ ಮೇಲೇ ಎಡವಿದ. ಅವನ ಕಾಲ್ಗುಣದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ಅಜ್ಜಿ ಕೆಟ್ಟವಳೆಂದು ತಿಳಿಯಬೇಡಿ. ಮುದ್ದೆಯ ಮೇಲೆ ನನಗೇ ಹೆಚ್ಚು ತುಪ್ಪ ಹಾಕುತ್ತಿದ್ದಳು. ಆದರೆ ಬಾಗಿಲು ಬಂದಾಗ ಹಿಂದಕ್ಕೆ ಎಳೆಯುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಅದು ಬಹಳ ನೋಯುತ್ತಿತ್ತು. ರಾತ್ರಿ ಮಲಗುವಾಗ ಪಾದಗಳನ್ನು ಕಂಬಳಿಯ ಒಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದೆ.

ಸಿತಾರಾ ಇದ್ದದ್ದು ಹಳೇ ಬಸ್‌ ಸ್ಟ್ಯಾಂಡಿನ ಹತ್ತಿರ. ಕೆಳಗೆ ಪುಸ್ತಕ, ಸಾಬೂನು, ಸ್ಟೀಲು, ಬಳೆ, ಆಟದ ಸಾಮಾನು. ಮೇಲೆ ಬಟ್ಟೆ. ಒಂದೊಂದು ಕೌಂಟರಿನ ಮೇಲೂ ‘ಡಿಪಾರ್ಟ್‌ಮೆಂಟ್’ ಎಂಬ ಬೋರ್ಡು ತೂಗುತ್ತಿತ್ತು. ಸೂಜಿ ದಾರಕ್ಕೂ ಒಂದು ಡಿಪಾರ್ಟ್‌ಮೆಂಟಿತ್ತು. ಅಲ್ಲಿ ಇದ್ದವನು ಒಬ್ಬನೇ, ಅವನೂ ಅರ್ಧ ದಿನ ಸ್ಟೀಲು ಡಿಪಾರ್ಟ್‌ಮೆಂಟಿನಲ್ಲಿ ಕೊಡ ಇಳಿಸುತ್ತಿರುತ್ತಿದ್ದ. ಮೇಲೆ ಸೀರೆ ಆರಿಸಿದರೆ ಅದು ಬುಟ್ಟಿಯಲ್ಲಿ ಕೂತು, ಹಗ್ಗ ಹಿಡಿದು ಇಳಿದು, ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕಾಗದ ಸುತ್ತಿಕೊಂಡು ಸಿದ್ಧವಾಗಿರುತ್ತಿತ್ತು. ಮದುವೆ ಜವಳಿಗೆ ಮಧುರೆ ಹೋಬಳಿಯಿಂದಲೋ ಘಾಟಿ ಕಡೆಯಿಂದಲೋ ಬಂದವರ ಮಕ್ಕಳು ಬುಟ್ಟಿಯ ಕೆಳಗೆ ಬಾಯಿ ತೆರೆದು ನಿಂತಿರುತ್ತಿದ್ದವು. ಗಲ್ಲಾದಲ್ಲಿ ಬಿಳಿ ಟೋಪಿ ಹಾಕಿಕೊಂಡು ಕೂತಿರುತ್ತಿದ್ದವರು ಮಾಲೀಕರಾದ ಮಸ್ತಾನ್ ಸಾಬರು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸೋಮವಾರ ಪೆನ್ಸಿಲ್ ಬೇಕಾಗಿತ್ತು. ನಮ್ಮ ಬೀದಿಯ ಪೆಟ್ಟಿಗೆ ಅಂಗಡಿಯಲ್ಲೇ ಸಿಗುತ್ತಿತ್ತು. ಆದರೂ ಅಜ್ಜಿ ಎಲೆಯಡಿಕೆ ಚೀಲದಿಂದ ನಾಲ್ಕಾಣೆ ತೆಗೆದುಕೊಟ್ಟು, “ಸಿತಾರಾದಾಗೆ ತಗೋ, ಅಲ್ಲೀದು ಮುರಿಯಾಕಿಲ್ಲ” ಅಂದಳು. ನಾನು ಹೋದಾಗ ಅಂಗಡಿ ಆಗತಾನೆ ತೆರೆದಿತ್ತು. ಒಳಗೆ ಗಿರಾಕಿಗಳು ಯಾರೂ ಇಲ್ಲ. ನಾನು ಗಾಜಿನ ಬಾಗಿಲ ಮುಂದೆ, ಯಾರಾದರೂ ಮೊದಲು ಹೋಗಲಿ ಎಂದು ಕಾಯುತ್ತ ನಿಂತೆ.

“ಏನ್ ಬೇಟಿ, ಒಳಗೆ ಬಾ” ಎಂದರು ಮಸ್ತಾನ್ ಸಾಬರು.

“ನಾನು ಮೊದ್ಲು ಬರಬಾರ್ದು ಸಾಬ್ರೆ. ನನ್ ಕಾಲ್ಗುಣ ಸರಿ ಇಲ್ಲ” ಎಂದೆ, ನನಗೆ ನೆಗಡಿ ಎಂದು ಹೇಳುವ ಹಾಗೆ.

ಅವರು ನಗಲಿಲ್ಲ. ಕೂತಲ್ಲಿಂದ ಎದ್ದು ಬಾಗಿಲಿಗೆ ಬಂದರು. “ಹಂಗಾ? ಸರಿ, ಕಾಲು ಆಚೆನೇ ಇರ್ಲಿ. ಕೈ ಮಾತ್ರ ಈ ಕಡೆ ಚಾಚು” ಎಂದರು. ನಾನು ಹೊಸ್ತಿಲಾಚೆ ಕಾಲಿಟ್ಟುಕೊಂಡೇ ಕೈ ಚಾಚಿದೆ. ಅವರು ನಾಣ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನನ್ನ ಕೈಗೆ ಪೆನ್ಸಿಲ್ ಬಂತು.

ಸಂಜೆ ಸ್ಕೂಲಿಂದ ಬರುವಾಗ ಕೂಗಿ ಕರೆದರು. “ಬೆಳಿಗ್ಗೆಯಿಂದ ಉಸಿರಾಡೋಕೆ ಬಿಡುವಿಲ್ಲ ಬೇಟಿ. ಏನ್ ವ್ಯಾಪಾರ ಅಂತೀಯ! ಎಲ್ಲಾ ನಿನ್ನ ಕೈಗುಣ. ಇನ್ಮೇಲೆ ಸೋಮವಾರದ ಬೋಣಿ ನಿಂದೇ, ತಪ್ಪಿಸಬೇಡ.”

ದಿನದ ಮೊದಲ ವ್ಯಾಪಾರ ಒಳ್ಳೆಯ ಕೈಯಿಂದ ಆಗಬೇಕೆಂದು ನಮ್ಮ ಕಡೆ ಸೊಪ್ಪಿನವಳಿಂದ ಚಿನ್ನದಂಗಡಿಯವರವರೆಗೆ ಎಲ್ಲರೂ ಬಯಸುತ್ತಾರೆ. ಇಡೀ ಸಿತಾರಾದ ವಾರದ ಮೊದಲ ಬೋಣಿ ನನ್ನದು! ಗೋರಂಟಿ ಹಚ್ಚಿದ ಕೈಯನ್ನು ಒಣಗಿಸುವ ಹಾಗೆ ಅಂಗೈ ಎತ್ತಿಕೊಂಡೇ ಮನೆಗೆ ಓಡಿದೆ. ಹೀಗೆ ನನ್ನ ಮೈಯಲ್ಲೂ ಡಿಪಾರ್ಟ್‌ಮೆಂಟುಗಳಾದವು. ಕಾಲು ಅಜ್ಜಿಯ ಸುಪರ್ದಿಗೆ, ಕೈ ಮಸ್ತಾನ್ ಸಾಬರ ಸುಪರ್ದಿಗೆ.

ಆರು ವರ್ಷ ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಪ್ರತಿ ವಾರ ಅಜ್ಜಿ ಬೈದುಕೊಂಡೇ ಎಲೆಯಡಿಕೆ ಚೀಲ ಬಿಚ್ಚುವಳು. “ಸಾಬ್ರ ಅಂಗಡಿ ಉದ್ಧಾರ ಮಾಡಾಕೆ ನನ್ ಕಾಸೇ ಬೇಕಾ” ಎಂದು ಗೊಣಗುವಳು, ನಾಲ್ಕಾಣೆ ಕೊಡುವಳು. ಪೆನ್ಸಿಲ್, ಪಿನ್ನು, ಗುಂಡಿ, ಪೆಪ್ಪರ್‌ಮಿಂಟು, ಏನಾದರೊಂದು ತರುತ್ತಿದ್ದೆ. ನಮ್ಮ ಮನೆಯಲ್ಲಿ ಅಂಗಿಗಳಿಗಿಂತ ಗುಂಡಿಗಳೇ ಜಾಸ್ತಿಯಾದವು. ಕೈ ಮಾತ್ರ ದಿನದಿಂದ ದಿನಕ್ಕೆ ಕೊಬ್ಬಿತು. ಅಕ್ಕಪಕ್ಕದವರ ಮೆಣಸಿನ ಸಸಿಗೂ ನಾನೇ ಕೈ ಹಾಕಬೇಕು, ಪರೀಕ್ಷೆಗೆ ಹೋಗುವವರ ಪೆನ್ನಿಗೂ ನಾನೇ ಇಂಕು ತುಂಬಬೇಕು ಎಂದು ಮೇಲೆ ಬಿದ್ದು ಹೋಗುತ್ತಿದ್ದೆ. ಕೊನೆಗೆ ನರ್ಸೂ ಆದೆ. ಈಗ ಆರೋಗ್ಯ ಕೇಂದ್ರದಲ್ಲಿ, “ಮಮತಕ್ಕನ ಕೈಲೇ ಸೂಜಿ ಹಾಕ್ಸಿ, ಅವ್ರ ಕೈಗುಣ ಚೆನ್ನಾಗೈತೆ” ಎಂದು ತಾಯಂದಿರು ಸಾಲು ಬಿಟ್ಟು ನನ್ನ ಕಡೆ ಬರುತ್ತಾರೆ. ಎಲ್ಲಾ ಆ ಒಂದು ಪೆನ್ಸಿಲ್ಲಿನಿಂದ ಬಂದದ್ದು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅದೇ ರಸ್ತೆಯಲ್ಲಿ ರಾಜಧಾನಿ ಸೂಪರ್ ಬಜಾರ್ ಶುರುವಾಯಿತು. ಒಳಗೆ ಏಸಿ. ಬೇಕಾದ ಸಾಮಾನನ್ನು ನಾವೇ ಮುಟ್ಟಿ ನೋಡಿ ಎತ್ತಿಕೊಳ್ಳಬಹುದು. ಮೊದಲ ನೂರು ಗಿರಾಕಿಗಳಿಗೆ ಕೋನ್ ಐಸ್‌ಕ್ರೀಮು ಉಚಿತ. ಶುರುವಾದದ್ದು ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ.

ಅಜ್ಜಿ ಕೊಟ್ಟ ನಾಣ್ಯ ಮುಷ್ಟಿಯಲ್ಲಿತ್ತು. ಜೊತೆಗೆ ಅಮ್ಮ ಪುಸ್ತಕಕ್ಕೆಂದು ಕೊಟ್ಟ ನೋಟೂ ಇತ್ತು. ಐಸ್‌ಕ್ರೀಮು ತಿಂದು ಹತ್ತು ನಿಮಿಷದಲ್ಲಿ ಸಿತಾರಾಕ್ಕೆ ಓಡುತ್ತೇನೆ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಸಾಲಿನಲ್ಲಿ ನಾನೇ ಮೊದಲು. ಬಾಗಿಲು ತೆರೆದಾಗ ಹಿಂದಿದ್ದವರು ನೂಕಿದರು, ಹುಟ್ಟಿದ ಮೇಲೆ ಮೊದಲ ಸಲ ಹೊಸ ಹೊಸ್ತಿಲನ್ನು ಎಲ್ಲರಿಗಿಂತ ಮುಂದೆ ದಾಟಿಬಿಟ್ಟೆ. ಹೇರ್‌ಬ್ಯಾಂಡ್ ಕೊಂಡೆ. ಐಸ್‌ಕ್ರೀಮು ತಿಂದೆ. ಸಿತಾರಾ ತಲುಪಿದಾಗ ಗಂಟೆ ಹತ್ತಾಗಿತ್ತು, ಯಾರೋ ಪೊರಕೆ ಕೊಂಡು ಬೋಣಿ ಮಾಡಿ ಹೋಗಿದ್ದರು. ಮಸ್ತಾನ್ ಸಾಬರು ನನ್ನ ಹೇರ್‌ಬ್ಯಾಂಡ್ ನೋಡಿದರು. “ಇವತ್ತು ಲೇಟಾಯ್ತು ಬೇಟಿ” ಎಂದರು, ಅಷ್ಟೇ.

ಒಂದೂವರೆ ವರ್ಷದಲ್ಲಿ ಸಿತಾರಾ ಮುಚ್ಚಿತು. ಮೊದಲು ಬುಟ್ಟಿ ನಿಂತಿತು, ಆಮೇಲೆ ಮಹಡಿಯ ದೀಪ ಆರಿತು, ಕೊನೆಗೆ ಶಟರ್ ಇಳಿಯಿತು. ನನಗೆ ಲೆಕ್ಕ ಸ್ಪಷ್ಟವಿತ್ತು. ಕೈಗುಣವನ್ನು ಒಂದು ಕೋನ್ ಐಸ್‌ಕ್ರೀಮಿಗೆ ಮಾರಿಕೊಂಡಿದ್ದೆ, ಕಾಲ್ಗುಣವನ್ನು ಅದರ ಜೊತೆ ಉಚಿತವಾಗಿ ಕೊಟ್ಟಿದ್ದೆ. ಆಮೇಲೆ ರಾಜಧಾನಿಯೂ ಮುಚ್ಚಿ ಅಲ್ಲಿ ಜಿಮ್ ಬಂತು. ಅದೂ ನನ್ನ ಖಾತೆಗೇ ಸೇರಿತು.

ಹೋದ ತಿಂಗಳು ಆರೋಗ್ಯ ಕೇಂದ್ರಕ್ಕೆ ಮಗುವನ್ನೆತ್ತಿಕೊಂಡು ಬಂದ ಹುಡುಗಿಯೊಬ್ಬಳು ಅದಕ್ಕೆ ಸೂಜಿ ಹಾಕಿಸಿದ ಮೇಲೂ ಏಳಲಿಲ್ಲ. “ಮಮತಕ್ಕ, ನಾನು ಖುಷ್ನುಮಾ, ಸಿತಾರಾ ಮಸ್ತಾನ್ ಸಾಬ್ರ ಮೊಮ್ಮಗಳು” ಎಂದಳು. ಕೆಲಸ ಬಿಟ್ಟು, ಕೂಡಿಸಿಟ್ಟದ್ದನ್ನೆಲ್ಲ ಹಾಕಿ ಮಕ್ಕಳ ಬಟ್ಟೆ, ಆಟದ ಸಾಮಾನಿನ ಅಂಗಡಿ ತೆರೆಯುತ್ತಿದ್ದಾಳಂತೆ. ಹಳೆಯ ಸಿತಾರಾದ ಒಂದು ಶಟರಿನಷ್ಟು ಜಾಗ ಅವರ ಹತ್ತಿರವೇ ಉಳಿದಿತ್ತಂತೆ, ಅಂಗಡಿ ಅಲ್ಲೇ. “ದಾದಾ ಹಠ ಹಿಡಿದ್ಬಿಟ್ಟಿದ್ದಾರೆ ಅಕ್ಕ. ಬೋಣಿ ನಿಮ್ ಕೈಯಿಂದಲೇ ಆಗ್ಬೇಕಂತೆ. ಸೋಮವಾರನೇ ಇಟ್ಕೊಂಡಿದ್ದೀವಿ.”

ಒಂದೇ ಕುಟುಂಬದ ಎರಡು ತಲೆಮಾರಿನ ಅಂಗಡಿಯನ್ನು ಮುಳುಗಿಸುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಹುಡುಗಿಯ ಮುಖ ನೋಡಿ “ಆಯ್ತು ಬರ್ತೀನಿ” ಎಂದುಬಿಟ್ಟೆ. ಆ ವಾರವೆಲ್ಲ ನನಗೆ ಸರಿಯಾಗಿ ನಿದ್ದೆ ಇಲ್ಲ. ಮಂಜೇಶನಿಗೆ ಎಲ್ಲವನ್ನೂ ಹೇಳಿದರೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ ಕೈಗೆ ಅಷ್ಟು ಪವರ್ ಇದ್ರೆ ಮೊದ್ಲು ನನ್ ಆಫೀಸಲ್ಲಿ ಬೋಣಿ ಮಾಡು ಬಾ, ಮುಚ್ಚಿಹೋಗ್ಲಿ” ಎಂದ. ಮೊದಲು ಮಸ್ತಾನ್ ಸಾಬರಿಗೆ ನಿಜ ಹೇಳಬೇಕು, ಆಮೇಲೂ ಅವರು ಕೈ ಚಾಚು ಎಂದರೆ ಮಾತ್ರ ಚಾಚಬೇಕು ಎಂದು ತೀರ್ಮಾನಿಸಿದೆ.

ಸೋಮವಾರ ಬೆಳಿಗ್ಗೆ ಮಂಜೇಶನ ಜೊತೆ ಹೊರಟರೆ ಅಜ್ಜಿ ಪಾಪಮ್ಮ ನನಗಿಂತ ಮೊದಲೇ ಕಾರಿನಲ್ಲಿ ಕೂತಿದ್ದಳು. ಎಂಬತ್ತಾರು ವಯಸ್ಸು, ಕೈಯಲ್ಲಿ ಕೋಲು, ಸೊಂಟದಲ್ಲಿ ಅದೇ ಎಲೆಯಡಿಕೆ ಚೀಲ. ನೀನ್ಯಾಕೆ ಎಂದರೆ, “ಹೊಸಾ ಅಂಗಡಿ. ನಿನ್ನ ಹಿಡ್ಕೊಳಾಕೆ ಯಾರಾನ ಬ್ಯಾಡ್ವಾ?” ಎಂದಳು.

ಶಟರ್ ಇನ್ನೂ ಎತ್ತಿರಲಿಲ್ಲ. ಮಸ್ತಾನ್ ಸಾಬರು ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಟೋಪಿಯಷ್ಟೇ. ಅಜ್ಜಿಗೆ ಪಕ್ಕದಲ್ಲಿ ಕುರ್ಚಿ ಹಾಕಿಸಿದರು. ನಾನು ಕೂರದೆ, ನಿಂತಲ್ಲೇ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ರಾಜಧಾನಿ, ಸಾಲು, ಹೇರ್‌ಬ್ಯಾಂಡು, ಐಸ್‌ಕ್ರೀಮು. “ಅಲ್ಲಿ ಬೋಣಿ ಮಾಡಿದ್ದು ನಾನು ಸಾಬ್ರೆ. ನಿಮ್ಮ ಅಂಗಡಿ ಹೋಗಿದ್ದು ನನ್ನಿಂದ. ಈಗ ಇವಳದಕ್ಕೂ ನನ್ನ ಕರೀಬೇಡಿ.” ಹೇಳುತ್ತಾ ಹೇಳುತ್ತಾ ಅಳು ಬಂತು. ನಲವತ್ತೊಂದು ವರ್ಷದ ನರ್ಸು, ಹಳೇ ಬಸ್‌ ಸ್ಟ್ಯಾಂಡಿನ ಮುಂದೆ ಮೂಗೊರೆಸಿಕೊಳ್ಳುತ್ತ ನಿಂತಿದ್ದೆ.

ಮಸ್ತಾನ್ ಸಾಬರು ಮೊಮ್ಮಗಳ ಕಡೆ ತಿರುಗಿದರು. “ಖುಷೀ, ನಮ್ಮ ಬಾತ್‌ರೂಮಲ್ಲಿ ಕೆಂಪು ಮಗ್ಗು ಇದೆಯಲ್ಲ, ಅದು ಎಲ್ಲಿಂದ ಬಂತು ಹೇಳು.”

“ಹಿಡಿ ಮುರಿದಿದ್ರೂ ಬಿಸಾಕೋಕೆ ಬಿಡಲ್ವಲ್ಲ ದಾದಾ, ಅದಾ? ಯಾವ್ದೋ ಸೂಪರ್ ಬಜಾರಲ್ಲಿ ನೀವೇ ತಂದಿದ್ದಂತೆ.”

“ರಾಜಧಾನೀಲಿ” ಎಂದರು ಸಾಬರು. “ಬೀದಿಗೆ ಹೊಸ ಅಂಗಡಿ ಬಂದ್ರೆ ಹಳೇ ಅಂಗಡಿಯವನು ಹೋಗಿ ಬೋಣಿ ಮಾಡಿ ಹರಸಬೇಕು ಬೇಟಿ. ನಮ್ಮಪ್ಪನ ಕಾಲದಿಂದ ನಾವು ಹಂಗೇ ನಡ್ಕೊಂಡು ಬಂದಿರೋದು. ರಾಜಧಾನಿ ಶುರು ಮಾಡಿದ ಹುಡುಗ ಹಿಂದಿನ ದಿನವೇ ಬಂದು ಕೈ ಮುಗಿದು ಕರೆದಿದ್ದ. ಎಂಟೂವರೆಗೆ ಹಿಂದಿನ ಬಾಗಿಲಿಂದ ಹೋಗಿ ಮಗ್ಗು ತಗೊಂಡೆ. ನೀನು ಗಾಜಿಗೆ ಮೂಗು ಒತ್ಕೊಂಡು ಹೊರಗೆ ನಿಂತಿದ್ದೆ. ನಾನು ಒಳಗಿಂದ ನೋಡ್ದೆ. ನೀನು ಐಸ್‌ಕ್ರೀಮನ್ನೇ ನೋಡ್ತಿದ್ದೆ, ನನ್ನ ಕಾಣಲಿಲ್ಲ.”

“ಹಂಗಾದ್ರೆ ಬೋಣಿ...”

“ನಂದು. ನನ್ನ ಅಂಗಡಿ ಮುಳುಗಿಸಿದ್ದು ನನ್ನ ಕೈಗುಣಾನೇ!” ಎಂದು ಜೋರಾಗಿ ನಕ್ಕರು. ನಗು ನಿಂತ ಮೇಲೆ, “ಜನಕ್ಕೆ ಸಾಮಾನು ಮುಟ್ಟಿ ನೋಡೋ ಆಸೆ ಬೇಟಿ. ನಾನು ಎಲ್ಲಾನೂ ಗಾಜಿನ ಹಿಂದೆ ಇಟ್ಟಿದ್ದೆ. ಅಷ್ಟೇ ಆಗಿದ್ದು” ಎಂದರು.

ಇಪ್ಪತ್ತೇಳು ವರ್ಷದ ಭಾರ ಇಳಿಯಿತು. ಇಳಿದ ಮರುಕ್ಷಣವೇ ನನಗೆ ಸ್ವಲ್ಪ ಅವಮಾನವೂ ಆಯಿತು, ಸುಳ್ಳು ಯಾಕೆ ಹೇಳಲಿ. ಒಂದು ಡಿಪಾರ್ಟ್‌ಮೆಂಟಲ್ ಸ್ಟೋರನ್ನು ಮುಚ್ಚಿಸುವಷ್ಟು ಶಕ್ತಿ ಈ ಕೈಗಿದೆ ಎಂದು ಒಳಗೊಳಗೇ ನಾನು ಬೀಗಿಕೊಂಡಿದ್ದೂ ಉಂಟು.

“ಹಂಗಾದ್ರೆ ನನ್ ಕೈಗುಣ ಅಂತ ನೀವು ಹೇಳಿದ್ದು? ಅದಾದ್ರೂ ನಿಜಾನಾ?”

ಸಾಬರು ಅಜ್ಜಿಯ ಕಡೆ ನೋಡಿದರು. ಅಜ್ಜಿ ಬಹಳ ಮುತುವರ್ಜಿಯಿಂದ ಎಲೆಯ ತೊಟ್ಟು ಮುರಿಯುತ್ತಿದ್ದಳು.

“ಹೇಳ್ಲಾ ಪಾಪಮ್ಮನೋರೆ?”

“ಏನಾನ ಹೇಳ್ಕಳಿ. ನಂಗೇನ್ ಗೊತ್ತು?”

“ನೀನು ಮೊದ್ಲು ಪೆನ್ಸಿಲ್ ತಗೊಂಡೆಯಲ್ಲ, ಅದರ ಹಿಂದಿನ ದಿನ ಸಂಜೆ ನಿಮ್ಮಜ್ಜಿ ಅಂಗಡಿಗೆ ಬಂದ್ರು” ಎಂದರು ಸಾಬರು. “ಏನೂ ಕೊಳ್ಳಲಿಲ್ಲ. ಎಲ್ಲಾ ಡಿಪಾರ್ಟ್‌ಮೆಂಟೂ ಸುತ್ತಿ ಬಂದು ನನ್ ಮುಂದೆ ನಿಂತ್ರು. ‘ಸಾಬ್ರೆ, ನಮ್ ಮೊಮ್ಮಗಳ ಕಾಲಂತೂ ಸರಿ ಇಲ್ಲ, ಅದಕ್ಕೆ ಯಾರೇನೂ ಮಾಡಂಗಿಲ್ಲ. ಆದ್ರೆ ಮಗಾ ರಾತ್ರಿ ಹೊತ್ತು ಪಾದ ಮುಚ್ಕೊಂಡು ಮಲಗ್ತದೆ. ನಂಗೆ ನೋಡಾಕಾಗಲ್ಲ. ಕೈಗಾದ್ರೂ ಒಂದು ಗುಣ ಐತೆ ಅಂತ ಹೇಳಿ. ನೀವು ಹೇಳಿದ್ರೆ ನಂಬ್ತಾಳೆ’ ಅಂದ್ರು.”

ನಾನು ಅಜ್ಜಿಯನ್ನು ನೋಡಿದೆ. ಆರು ವರ್ಷದ ನಾಲ್ಕಾಣೆಗಳು ಒಂದೊಂದಾಗಿ ನೆನಪಾದವು. ಕಂಬಳಿಯೊಳಗಿನ ಪಾದ ಅವಳಿಗೆ ಕಂಡಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

“ಸಾಬ್ರಿಗೆ ವಯಸ್ಸಾತು. ಏನೇನೋ ನೆಪ್ಪು ಮಾಡ್ಕಂತಾರೆ” ಎಂದಳು ಅಜ್ಜಿ. ಅವಳ ಕೈಯಲ್ಲಿದ್ದ ಎಲೆ ತೊಟ್ಟು ಮುರಿದು, ನಾರು ಹರಿದು, ಚೂರುಚೂರಾಗಿತ್ತು.

ಅಷ್ಟರಲ್ಲಿ ಖುಷ್ನುಮಾ ಶಟರ್ ಎತ್ತಿದಳು. ಒಳಗೆ ಹೊಸ ಬಣ್ಣದ ವಾಸನೆ, ಪುಟ್ಟ ಫ್ರಾಕುಗಳು, ಮಕ್ಕಳ ಕೈಗೆಟುಕುವಷ್ಟು ಕೆಳಗೆ ಇಟ್ಟ ಆಟದ ಸಾಮಾನು. ಗಾಜು ಎಲ್ಲೂ ಇರಲಿಲ್ಲ. ಅವಳು ಒಂದು ಪೆನ್ಸಿಲ್ ತೆಗೆದು, “ದಾದಾ ಇದನ್ನೇ ಕೊಡು ಅಂದಿದ್ದಾರೆ. ಸ್ಕ್ಯಾನ್ ಮಾಡಿ ಅಕ್ಕ” ಎಂದು ಹಲಗೆಯೊಂದನ್ನು ತೋರಿಸಿದಳು.

“ಫೋನಿಂದ ಕೈಗುಣ ಹೋಗುತ್ತಾ?” ಎಂದು ಸಾಬರು ರೇಗಿದರು. “ಬೋಣಿ ಕೈಯಿಂದ ಕೈಗೆ ಬರಬೇಕು.”

ನಾನು ಪರ್ಸು ತಡಕಾಡಿದೆ. ಕಾರ್ಡಿತ್ತು, ಕಾಸಿರಲಿಲ್ಲ. ಮಂಜೇಶನ ಜೇಬೂ ಖಾಲಿ. ಹಿಂದಿನಿಂದ ಗೊಣಗು ಕೇಳಿಸಿತು, “ಈ ಸಾಬ್ರ ಅಂಗಡಿ ಉದ್ಧಾರ ಮಾಡಾಕೆ ಈಗಲೂ ನನ್ ಕಾಸೇ ಬೇಕು.” ಅಜ್ಜಿ ಎಲೆಯಡಿಕೆ ಚೀಲ ಬಿಚ್ಚಿ, ನಾಲ್ಕಾಗಿ ಮಡಚಿದ್ದ ಹತ್ತರ ನೋಟನ್ನು ನನ್ನ ಅಂಗೈಗೆ ಇಟ್ಟಳು. ನೋಟಿಗೆ ಸುಣ್ಣ ಮೆತ್ತಿಕೊಂಡಿತ್ತು.

ನಾನು ಅಭ್ಯಾಸಬಲದಿಂದ ಕಾಲನ್ನು ಹೊಸ್ತಿಲಾಚೆ ಬಿಟ್ಟುಕೊಂಡು, ಬಗ್ಗಿ, ಕೈ ಮಾತ್ರ ಒಳಗೆ ಚಾಚಿದೆ.

ಬೆನ್ನಿಗೆ ಕೋಲು ತಿವಿಯಿತು.

“ಅಲ್ಲೇನ್ ಕೈ ಚಾಚ್ಕಂಡು ನಿಂತೀಯ ಭಿಕ್ಷದವಳಂಗೆ?” ಎಂದಳು ಅಜ್ಜಿ. ಎಂದಿನ ಗದರುವ ದನಿಯೇ. “ಒಳೀಕ್ ನಡಿ.”

“ಅಜ್ಜೀ, ಹೊಸ ಅಂಗಡಿ. ಇನ್ನೂ ಗಿರಾಕಿ ಯಾರೂ...”

“ಕಾಣ್ತದೆ. ನಂಗೇನ್ ಕಣ್ಣಿಲ್ವಾ?” ಕೋಲನ್ನು ಪಕ್ಕಕ್ಕಿಟ್ಟು, ಎರಡೂ ಅಂಗೈಗಳನ್ನು ನನ್ನ ಬೆನ್ನಿಗೊತ್ತಿ ನಿಂತಳು. “ಆ ಮಗ್ಗದ ಮೋಟ್ರು ಹಳೇದಾಗಿತ್ತು ಕಣೇ. ನಡಿ. ಬಲಗಾಲಿಟ್ಟು ಹೋಗು.”

ಖುಷ್ನುಮಾ ಒಳಗಿನಿಂದ ಕೈ ಚಾಚಿ ನಿಂತಿದ್ದಳು. ನನ್ನ ಬೆನ್ನ ಮೇಲೆ ಅಜ್ಜಿಯ ಕೈಗಳಿದ್ದವು. ನಾನು ಬಗ್ಗಿ ನನ್ನ ಪಾದಗಳನ್ನು ನೋಡಿದೆ. ದಿನಕ್ಕೆ ಐವತ್ತು ಮಕ್ಕಳಿಗೆ ಬಲಗಡೆ, ಎಡಗಡೆ ಎಂದು ನೋಡಿ ಸೂಜಿ ಹಾಕುವ ನನಗೆ, ಅವುಗಳಲ್ಲಿ ಬಲಗಾಲು ಯಾವುದೆಂದು ಒಂದು ಕ್ಷಣ ಗೊತ್ತಾಗಲೇ ಇಲ್ಲ.